ಹಾಲನ್ನು ತಡೆವ ರಸ

ಹೆರಿಗೆಯಾಗದ ಹೆಣ್ಣುಮಗಳಿಗೆ ಎದೆಹಾಲು ಕಂಡರೆ ನಮ್ಮ ಬೆಲ್ಲದ ಬಾಗೇವಾಡಿಯಂಥ ಊರುಗಳಲ್ಲಿ ಹಿರಿಯರ ಸಂಶಯವು ಅವಳ ನಡತೆಯ ಮೇಲೆ ಹೋಗುವುದುಂಟು. ಇದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳುವೆವು.

1962ರಲ್ಲಿ ಸ್ವೀಡನ್ನಿನ ಫಾಲ್ಕ್, ಹಿಲ್ಲಾರ್ಪ್ ಎಂಬ ಪಂಡಿತರು ಒಣಗಿಸಿದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಹಬೆಯನ್ನು ತಾಗಿಸಿ, ಡೋಪಮೈನ್ ಇರುವ ನರಕೋಶಗಳು ಹಸುರಾಗಿ ಹೊಳೆಯುವಂತೆ ಮಾಡಿದರು. ಆ ಹೊಳಪನ್ನು ಹಿಡಿದೇ ಮಿದುಳಿನ ಅಡಿಯ ಹೈಪೊಥಾಲಮಸ್ಸಿನ ನಕ್ಷೆಯು ಸಿದ್ಧವಾಯಿತು. ಹಿಡಕಲ್ ಅಣೆಕಟ್ಟಿನ ಬಾಗಿಲು ಘಟಪ್ರಭೆಯನ್ನು ತಡೆವಂತೆ, ಅಲ್ಲಿಯ ಡೋಪಮೈನ್ ಪಿಟ್ಯುಟರಿ ಗ್ರಂಥಿಗೆ ಇಳಿದು, ಸ್ತನ್ಯಕಾರಕವಾದ ಪ್ರೊಲ್ಯಾಕ್ಟಿನ್ ರಸವನ್ನು ತಡೆಹಿಡಿದಿರುವುದು. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್, ವಾಂತಿಗೆ ಕೊಡುವ ಡಾಂಪೆರಿಡೋನ್ ಮೊದಲಾದ ಔಷಧಗಳು ಈ ತಡೆಯನ್ನು ಸಡಿಲಿಸುವುವು. ಒಮ್ಮೊಮ್ಮೆ ಆ ಗ್ರಂಥಿಯಲ್ಲಿಯೇ ಗಡ್ಡೆಯಿರುವುದೂ ಉಂಟು.

ಆದುದರಿಂದ ಮಗಳನ್ನು ಗದರಿಸುವ ಮುನ್ನ ಗುಳಿಗೆಗಳ ಹೆಸರನ್ನು ಕೇಳತಕ್ಕದ್ದು. ಆದರೆ ಅವನ್ನು ತಾವೇ ನಿಲ್ಲಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರೊಲ್ಯಾಕ್ಟಿನ್ನಿನ ಪ್ರಮಾಣವು ರಕ್ತಪರೀಕ್ಷೆಯಿಂದ ತಿಳಿಯುವುದು.