ಕೈಬಿಟ್ಟವರ ಲೆಕ್ಕ

ಚನ್ನರಾಯಪಟ್ಟಣ ಅಂದ ಕೂಡಲೇ ಹೊರಗಿನವರು ಹಾಸನದ ದಾರಿ ತೋರಿಸುತ್ತಾರೆ. ಇದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನ ಬೇಡವೆಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2025ರ ಜುಲೈ 15ರಂದು ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದ ಸೀಮೆ. ಪಟ್ಟು ಹಿಡಿದು ವಾದಿಸುವುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಮೀನಿನ ಮಾತು ಮುಗಿದು ಎರಡನೇ ಟೀ ಬರುವಷ್ಟರಲ್ಲಿ ಆರ್‌ಸಿಬಿ ಮಾತು ಶುರುವಾಗಿರುತ್ತದೆ. ಕಪ್ ಬಂದಿದ್ದಾಯಿತು, ಆದರೂ ತಕರಾರು ಮುಗಿದಿಲ್ಲ: ಯಾರನ್ನು ಬಿಡಬಾರದಿತ್ತು, ಯಾರಿಗೆ ಅಷ್ಟು ದುಡ್ಡು ಸುರಿಯಬಾರದಿತ್ತು.

ಈ ತಕರಾರಿಗೆ ಬಾಯಿಪಾಠವಾದ ಒಂದು ಪಟ್ಟಿಯಿದೆ. ಶೇನ್ ವಾಟ್ಸನ್ 2016ರ ಫೈನಲ್‌ನಲ್ಲಿ ಆರ್‌ಸಿಬಿ ಪರ ನಾಲ್ಕು ಓವರಿಗೆ 61 ರನ್ ಕೊಟ್ಟರು. 2018ರ ಫೈನಲ್‌ನಲ್ಲಿ ಚೆನ್ನೈ ಪರ ಔಟಾಗದೆ 117 ಹೊಡೆದರು. ಯಜುವೇಂದ್ರ ಚಹಲ್ ಅವರನ್ನು ಬಿಟ್ಟುಕೊಟ್ಟ 2022ರಲ್ಲೇ ಅವರು ರಾಜಸ್ಥಾನದಲ್ಲಿ 27 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಹಾಕಿಕೊಂಡರು. ಟ್ರಾವಿಸ್ ಹೆಡ್ ಇಲ್ಲಿದ್ದರು, ಹೆನ್ರಿಕ್ ಕ್ಲಾಸೆನ್ ಇದ್ದರು, ಶಿವಂ ದುಬೆಯೂ ಇದ್ದರು. ಇನ್ನು ಕೆ.ಎಲ್. ರಾಹುಲ್ ಹೆಸರು ಬಂದರೆ ಟೀ ಆರಿಹೋಗುತ್ತದೆ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಎಂದು ತೋರಿಸಿದರಲ್ಲ, ಅದು ‘ಕಾಂತಾರ’ದಿಂದ ಬಂದದ್ದು ಎಂದು ಆಮೇಲೆ ಅವರೇ ಹೇಳಿದರು. ಸೋತದ್ದು ಆರ್‌ಸಿಬಿ, ಹೆಮ್ಮೆಪಟ್ಟದ್ದು ಕರ್ನಾಟಕ. ಅಭಿಮಾನಿಗೆ ಆ ರಾತ್ರಿ ಎತ್ತ ಕೂಗಬೇಕೆಂದೇ ತಿಳಿಯಲಿಲ್ಲ.

ತಂಡವನ್ನು ಮತ್ತೆ ಕಟ್ಟುವುದು ಹೇಗೆ ಎಂಬ ಜಗಳ ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಹಳ ಹಳೆಯದು. ಅಲ್ಲಿ ತಂಡ ಕಟ್ಟುವವರು ಕೋಚೂ ಅಲ್ಲ, ಕ್ಯಾಪ್ಟನ್ನೂ ಅಲ್ಲ, ಜನರಲ್ ಮ್ಯಾನೇಜರ್. ಓಕ್‌ಲ್ಯಾಂಡ್ ತಂಡದ ಬಿಲ್ಲಿ ಬೀನ್ 2001ರ ಕೊನೆಗೆ ಜೇಸನ್ ಜಿಯಾಂಬಿಯಂಥ ದೊಡ್ಡ ಹೊಡೆತಗಾರನನ್ನು ದುಡ್ಡಿಲ್ಲದೆ ಕಳೆದುಕೊಂಡರು. ಬೇರೆಯವರು ಮೂಸಿಯೂ ನೋಡದ ಆಟಗಾರರನ್ನು ಅಂಕಿಅಂಶ ನೋಡಿ ಆರಿಸಿದರು. 2002ರಲ್ಲಿ ತಂಡ 103 ಪಂದ್ಯ ಗೆದ್ದಿತು, ಅದರಲ್ಲಿ 20 ಒಂದರ ಹಿಂದೆ ಒಂದು. ‘ಮನಿಬಾಲ್’ ಪುಸ್ತಕವಾಗಿ, ಬ್ರಾಡ್ ಪಿಟ್ ಸಿನಿಮಾವಾಗಿ ಲೋಕ ಸುತ್ತಿದ್ದು ಇದೇ ಕಥೆ.

ಇನ್ನೊಂದು ದಾರಿ ಕಠೋರವಾದದ್ದು. ಬೇಸ್‌ಬಾಲ್‌ನಲ್ಲಿ ಸೋಲಿಗೂ ಮಾರುಕಟ್ಟೆ ಬೆಲೆಯಿದೆ. ಶಾಲೆ ಕಾಲೇಜುಗಳಿಂದ ಹೊಸ ಹುಡುಗರನ್ನು ಆಯ್ದುಕೊಳ್ಳುವ ಡ್ರಾಫ್ಟ್‌ನಲ್ಲಿ, ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುತ್ತಿತ್ತು. ಹ್ಯೂಸ್ಟನ್ ಆಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. ಜೆಫ್ ಲೂನೋ ಎಂಬ ಜನರಲ್ ಮ್ಯಾನೇಜರ್ ಹಳಬರನ್ನು ಮಾರಿ, ಎಳೆಯರನ್ನು ಕೂಡಿಹಾಕಿದರು. 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. (ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು ನೋಡಿದ ಹಗರಣ ಹೊರಬಿದ್ದು 2020ರಲ್ಲಿ ಅವರ ಕೆಲಸ ಹೋಯಿತು ಎಂಬುದನ್ನೂ ಹೇಳಿಬಿಡಬೇಕು.) ಷಿಕಾಗೊ ಕಬ್ಸ್ ತಂಡದ ಥಿಯೊ ಎಪ್‌ಸ್ಟೀನ್ ತಮ್ಮ ಮೊದಲ ವರ್ಷ 101 ಪಂದ್ಯ ಸೋತು, ನಾಲ್ಕು ವರ್ಷದ ಬಳಿಕ, 108 ವರ್ಷಗಳ ಬರ ನೀಗಿಸಿದರು. ಹಾಗೆಂದು ಸೋತವರೆಲ್ಲ ಎದ್ದು ಬರುವುದಿಲ್ಲ. ಅದೇ ಊರಿನ ವೈಟ್ ಸಾಕ್ಸ್ ಕೂಡ ತಂಡವನ್ನು ಹೊಸದಾಗಿ ಕಟ್ಟುತ್ತೇವೆಂದು ಹೊರಟು, 2024ರಲ್ಲಿ 121 ಸೋತು ಆಧುನಿಕ ಯುಗದ ದಾಖಲೆ ಬರೆಯಿತು. ಬೇಕೆಂದೇ ಸೋಲುವವರು ಹೆಚ್ಚಾದಾಗ 2023ರಿಂದ ಮೊದಲ ಸರದಿಗೆ ಲಾಟರಿ ಬಂತು.

ಟೀ ಅಂಗಡಿಯ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಆರ್‌ಸಿಬಿಯವರೂ ಹಾಗೆ ನಾಲ್ಕು ವರ್ಷ ಎಳೆಯ ಹುಡುಗರನ್ನು ಬೆಳೆಸಬಾರದಿತ್ತೆ? ಬೆಳೆಸಲು ಬರುವುದಿಲ್ಲ. ಐಪಿಎಲ್ ತಂಡಕ್ಕೆ ಹೊಲವಿಲ್ಲ, ಇರುವುದು ಸಂತೆ ಮಾತ್ರ. ಮೂರ್ನಾಲ್ಕು ವರ್ಷಕ್ಕೊಮ್ಮೆ ಮಹಾ ಹರಾಜು ಬಂದು, ನೀವು ನೀರೆರೆದ ಗಿಡವನ್ನು ಇನ್ನೊಬ್ಬರು ಕಿತ್ತೊಯ್ಯುತ್ತಾರೆ. ಸೋತರೆ ಬಹುಮಾನವೂ ಇಲ್ಲ, ಎಲ್ಲರ ಜೇಬಿನ ಮಿತಿಯೂ ಒಂದೇ. ಇದಕ್ಕೊಂದು ಒಳ್ಳೆಯ ಮುಖವೂ ಇದೆ. 2008ರ ಮೊದಲ ಐಪಿಎಲ್‌ನಲ್ಲಿ ಎಂಟು ತಂಡಗಳಲ್ಲಿ ಕೊನೆಯದು ಡೆಕ್ಕನ್ ಚಾರ್ಜರ್ಸ್, ಅದರ ಮೇಲಿನದು ಆರ್‌ಸಿಬಿ. ದ್ರಾವಿಡ್, ಕಾಲಿಸ್, ಜಾಫರ್ ಇದ್ದ ಆ ತಂಡ ಉದ್ಘಾಟನಾ ಪಂದ್ಯದಲ್ಲಿ 82ಕ್ಕೆ ಮುದುಡಿದಾಗ ಟೆಸ್ಟ್ ತಂಡ ಎಂದು ಗೇಲಿ ಮಾಡದವರಿಲ್ಲ. ಮರುವರ್ಷ ಜೋಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಎದುರಾದದ್ದು ಅದೇ ಎರಡು ತಂಡಗಳು! ಬೇಸ್‌ಬಾಲ್‌ನಲ್ಲಿ ಐದು ವರ್ಷ ಹಿಡಿಯುವುದು ಇಲ್ಲಿ ಐವತ್ತು ದಿನದಲ್ಲಿ ಆಗಬಹುದು.

ಹಾಗಿದ್ದೂ ಆರ್‌ಸಿಬಿಗೆ 17 ವರ್ಷ ಬೇಕಾದದ್ದೇಕೆ? ಟೀ ಅಂಗಡಿ ಅದೃಷ್ಟ ಅನ್ನುತ್ತದೆ. ಅದಕ್ಕಿಂತ ದುಡ್ಡು ಖರ್ಚಾದ ರೀತಿಯನ್ನು ನೋಡುವುದು ಮೇಲು. 2013ರಲ್ಲಿ ಗೇಲ್ ಒಬ್ಬರೇ 175 ಹೊಡೆದು ತಂಡ 263 ಮಾಡಿತು. ಆ ವರ್ಷ ಪ್ಲೇಆಫ್ ಕೂಡ ಸಿಗಲಿಲ್ಲ. 2014ರಲ್ಲಿ ಯುವರಾಜ್‌ಗೆ 14 ಕೋಟಿ. 2016ರಲ್ಲಿ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ ಗಳಿಸಿದರು; ಫೈನಲ್‌ನಲ್ಲಿ 209ರ ಬೆನ್ನಟ್ಟಿ 8 ರನ್ನಿಂದ ಸೋಲು. ಮರುವರ್ಷ ಅದೇ ಹೆಸರುಗಳಿಂದ ಈಡನ್‌ನಲ್ಲಿ 49ಕ್ಕೆ ಆಲೌಟ್, ಕೊನೆಯ ಸ್ಥಾನ. ಬ್ಯಾಟಿಂಗ್ ಮನೆಯ ಮುಂಬಾಗಿಲಿಗೆ ತೇಗದ ಕೆತ್ತನೆ, ಹಿತ್ತಿಲಿಗೆ ಬಾಗಿಲೇ ಇಲ್ಲ. ಡೆತ್ ಓವರ್ ಹಾಕುವವರು ಯಾರು ಎಂಬ ಪ್ರಶ್ನೆಗೆ ಪ್ರತಿ ವರ್ಷ ಹೊಸ ಹೆಸರು, ಹಳೆಯ ಫಲಿತಾಂಶ. 2021ರಲ್ಲಿ ಕೈಲ್ ಜೇಮಿಸನ್ ಅವರಿಗೆ 15 ಕೋಟಿ ಕೊಟ್ಟದ್ದೂ ಆ ಹುಡುಕಾಟದಲ್ಲೇ.

ಹೊಸ ಲೆಕ್ಕ ಶುರುವಾದದ್ದು 2023ರಲ್ಲಿ, ಆ್ಯಂಡಿ ಫ್ಲವರ್ ಕೋಚ್ ಆಗಿ, ಮೋ ಬೊಬಾಟ್ ಕ್ರಿಕೆಟ್ ನಿರ್ದೇಶಕರಾಗಿ ಬಂದಾಗ. ಬೇಸ್‌ಬಾಲ್‌ನ ಜನರಲ್ ಮ್ಯಾನೇಜರ್‌ಗೆ ಇಲ್ಲಿ ಹತ್ತಿರದ ಹುದ್ದೆ ಬೊಬಾಟ್ ಅವರದೇ. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ತಲುಪಿದರು. ಆ ಆರು ಗೆಲುವಿನ ಅಮಲಿನಲ್ಲಿ ಅದೇ ತಂಡವನ್ನು ಉಳಿಸಿಕೊಳ್ಳಿ ಎಂದು ಅಭಿಮಾನಿಗಳು ಒತ್ತಾಯಿಸಿದ್ದರು. ಬೊಬಾಟ್ ಬಳಗ ಉಳಿಸಿಕೊಂಡದ್ದು ಮೂವರನ್ನು: ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11, ಯಶ್ ದಯಾಳ್ 5. ಉಳಿದ 83 ಕೋಟಿ ಹಿಡಿದು ಮಹಾ ಹರಾಜಿಗೆಂದು ಜೆಡ್ಡಾಗೆ ಹೋದರು.

2024ರ ನವೆಂಬರ್ 24, 25ರ ಆ ಎರಡು ದಿನ ಇಡೀ ಕರ್ನಾಟಕದ ರಕ್ತದೊತ್ತಡ ಏರಿತ್ತು ಎಂದರೆ ಅತಿಶಯೋಕ್ತಿಯೇನಲ್ಲ. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದರು. ಸಿರಾಜ್ ಗುಜರಾತಿಗೆ. ವಿಲ್ ಜ್ಯಾಕ್ಸ್‌ಗೆ ಹಳೆಯ ಆಟಗಾರನನ್ನು ವಾಪಸ್ ಪಡೆಯುವ ರೈಟ್ ಟು ಮ್ಯಾಚ್ ಹಕ್ಕು ಬಳಸದೆ ಸುಮ್ಮನಾದಾಗ ಮುಂಬೈ ಮಾಲೀಕರು ಎದ್ದು ಬಂದು ಕೈಕುಲುಕಿದ ದೃಶ್ಯ ಗಾಯಕ್ಕೆ ಉಪ್ಪು ಸುರಿದಂತಿತ್ತು. ಬದಲಿಗೆ ಬಂದವರು? ಹ್ಯಾಜಲ್‌ವುಡ್ 12.5 ಕೋಟಿ, ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮಾ 11, ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75. ಟಿಮ್ ಡೇವಿಡ್ ಬರೀ 3 ಕೋಟಿ. ಪೋಸ್ಟರ್‌ಗೆ ಆಗುವ ಮುಖಗಳು ಇವಲ್ಲ. ಆದರೆ ಪ್ರತಿಯೊಬ್ಬರಿಗೂ ಒಂದು ನಿಗದಿತ ಕೆಲಸವಿತ್ತು: ಹೊಸ ಚೆಂಡಿಗೆ ಇಬ್ಬರು, ನಡುವಿನ ಓವರಿಗೆ ಒಬ್ಬರು, ಕೊನೆಯ ಹತ್ತು ಎಸೆತಕ್ಕೆ ಒಬ್ಬರು. ಹ್ಯಾಜಲ್‌ವುಡ್ 22 ವಿಕೆಟ್ ಪಡೆದರು. ಭುವನೇಶ್ವರ್, ಕೃಣಾಲ್ ತಲಾ 17. ಸ್ವಂತ ನೆಲದಲ್ಲಿ ಮೊದಲ ಮೂರೂ ಪಂದ್ಯ ಸೋತ ತಂಡ, ಲೀಗ್ ಹಂತದಲ್ಲಿ ಎದುರಾಳಿಗಳ ನೆಲದಲ್ಲಿ ಆಡಿದ ಏಳನ್ನೂ ಗೆದ್ದಿತು. ಚಿನ್ನಸ್ವಾಮಿಯ ಸಣ್ಣ ಬೌಂಡರಿಗೆಂದೇ ತಂಡ ಕಟ್ಟುವ ಹಳೆಯ ಚಾಳಿಗೆ ಇದಕ್ಕಿಂತ ಚೆಂದದ ಉತ್ತರ ಬೇಕಿರಲಿಲ್ಲ.

2025ರ ಜೂನ್ 3ರ ಫೈನಲ್‌ಗೆ ಬಂದ ಇನ್ನೊಂದು ತಂಡ ಪಂಜಾಬ್. ಅವರು ಇಬ್ಬರನ್ನಷ್ಟೇ ಉಳಿಸಿಕೊಂಡು 110.5 ಕೋಟಿಯೊಂದಿಗೆ ಹರಾಜಿಗೆ ಬಂದಿದ್ದರು. ಅಂದರೆ ಹರಾಜಿನಲ್ಲಿ ಅತಿ ಹೆಚ್ಚು ದುಡ್ಡು ಕೈಯಲ್ಲಿದ್ದ ಎರಡು ತಂಡಗಳೇ, ಹಳೆಯದನ್ನು ಹೆಚ್ಚು ಕೆಡವಿದವರೇ, ಕಪ್ಪಿಗೆ ಸೆಣಸಿದ್ದು. ಗೆಲುವು 6 ರನ್ನಿಂದ. ಈ ಆರರ ಜೊತೆ ಕರ್ನಾಟಕಕ್ಕೆ ಏನೋ ಋಣವಿದೆ: 2009ರ ಐಪಿಎಲ್ ಫೈನಲ್ ಸೋತದ್ದೂ 6 ರನ್ನಿಂದ, 2010ರ ಜನವರಿಯಲ್ಲಿ ಮೈಸೂರಿನಲ್ಲಿ ಮುಂಬೈ ಎದುರು ರಣಜಿ ಫೈನಲ್ ಸೋತದ್ದೂ 6 ರನ್ನಿಂದ.

ಕಪ್ ಬಂದ ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಗೆಲುವಿನ ಲೆಕ್ಕ ಬರೆಯುವ ಯಾರೂ ಈ ಸಾಲನ್ನು ಬಿಟ್ಟು ಬರೆಯಲಾಗದು.

ಇನ್ನು ನಮ್ಮ ಹುಡುಗರಿಗೆ ಜಾಗ ಕೊಡಿ ಎಂಬ ಹಳೆಯ ಬೇಡಿಕೆ. ಇದರಲ್ಲಿ ಪ್ರೀತಿಯಿದೆ, ಆದರೆ ಅರ್ಜಿ ತಪ್ಪು ಕಚೇರಿಗೆ ಹೋಗುತ್ತಿದೆ. 2022ರಲ್ಲಿ ಕರ್ನಾಟಕದ ಕೀಪರ್ ಲವ್‌ನಿತ್ ಸಿಸೋಡಿಯಾ ಗಾಯಗೊಂಡಾಗ ಬದಲಿಯಾಗಿ ಬಂದವರು ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ಇಂದೋರಿನ ಪಾಟೀದಾರ್. ಆ ವರ್ಷದ ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದರು, ಮೂರು ವರ್ಷದ ಮೇಲೆ ಕಪ್ ಎತ್ತಿದರು. 2009ರಲ್ಲಿ ಭಾರತೀಯನೊಬ್ಬನ ಮೊದಲ ಐಪಿಎಲ್ ಶತಕ ಹೊಡೆದ ಮನೀಷ್ ಪಾಂಡೆ ಆರ್‌ಸಿಬಿಯವರೇ, ಆದರೆ ಅವರನ್ನು ಬೆಳೆಸಿದ್ದು ಕರ್ನಾಟಕದ ಲೀಗ್ ಕ್ರಿಕೆಟ್. ದೇವದತ್ತ ಪಡಿಕ್ಕಲ್ ಕಥೆಯೂ ಅಷ್ಟೇ. ಬೇಸ್‌ಬಾಲ್ ತಂಡಗಳಿಗೆ ಹುಡುಗರನ್ನು ಪಳಗಿಸುವ ಕಿರಿಯ ಲೀಗ್‌ಗಳಿವೆ. ಇಲ್ಲಿ ಆ ಕೆಲಸ ಮಾಡುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ.

ಮತ್ತು ಅಲ್ಲಿ ನಿಜವಾದ ಪುನರ್ನಿರ್ಮಾಣ ಒಮ್ಮೆ ನಡೆದಿದೆ. 1998–99ರ ನಂತರ ರಣಜಿ ಟ್ರೋಫಿ ಕಾಣದಿದ್ದ ರಾಜ್ಯ, ಮೈಸೂರಿನ ಆ ಆರು ರನ್ನಿನ ಸೋಲಿನ ಮೇಲೂ ತಂಡವನ್ನು ಒಡೆಯಲಿಲ್ಲ. ದಾವಣಗೆರೆಯ ವಿನಯ್ ಕುಮಾರ್ ನಾಯಕರಾದರು. ಮಿಥುನ್, ಅರವಿಂದ್ ಅವರೊಂದಿಗೆ ವೇಗದ ಬೌಲಿಂಗ್ ಗಟ್ಟಿಯಾಯಿತು. ರಾಹುಲ್, ಕರುಣ್ ನಾಯರ್ ಬೆಳೆದರು. 2013–14, 2014–15 ಎರಡೂ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಬಂದವು. ಎರಡನೇ ವರ್ಷ ತಮಿಳುನಾಡಿನ ಎದುರಿನ ಫೈನಲ್‌ನಲ್ಲಿ ಕರುಣ್ 328 ಹೊಡೆದರು. ಯಾವ ಹರಾಜೂ ಇರಲಿಲ್ಲ, ಕೋಟಿಗಳ ಮಾತೂ ಇರಲಿಲ್ಲ.

ಮುಂದಿನ ಹತ್ತು ವರ್ಷ ರಣಜಿ ಕಪ್ ಮತ್ತೆ ಬರಲಿಲ್ಲ. ವಿನಯ್ ಪುದುಚೇರಿಗೆ ಹೋದರು. ತಂಡದಿಂದ ಹೊರಬಿದ್ದ ಕರುಣ್, ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು 2022ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಬೇಡಿಕೊಂಡು, ಮರುವರ್ಷ ವಿದರ್ಭಕ್ಕೆ ಹೊರಟರು. 2024–25ರ ರಣಜಿಯಲ್ಲಿ ಅವರು ಗಳಿಸಿದ್ದು 863 ರನ್, ಫೈನಲ್‌ನಲ್ಲಿ 86 ಮತ್ತು 135, ಕಪ್ ವಿದರ್ಭಕ್ಕೆ. ಅದೇ ಸಾಲಿನಲ್ಲಿ ಕರ್ನಾಟಕ ನಾಕೌಟ್ ಹಂತಕ್ಕೂ ಏರಲಿಲ್ಲ. ನ್ಯಾಯವಾಗಿ ಹೇಳುವುದಾದರೆ, ಆ ವರ್ಷದ ವಿಜಯ್ ಹಜಾರೆ ಫೈನಲ್‌ನಲ್ಲಿ ಕರುಣ್ ನಾಯಕತ್ವದ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕವೇ. ಆದರೂ ವಾಟ್ಸನ್, ಚಹಲ್, ಹೆಡ್ ಎಂದು ಬೆರಳು ಮಡಿಸುವ ಪಟ್ಟಿಯಲ್ಲಿ ಕರುಣ್ ಹೆಸರು ಯಾಕೆ ಬರುವುದಿಲ್ಲ? ಚಹಲ್ ಹರಿಯಾಣದವರು, ಹೆಡ್ ಅಡಿಲೇಡಿನವರು. ಮನೆಯಿಂದ ಹೋದದ್ದು ಕರುಣ್.

ಬೊಬಾಟ್ ಹರಾಜು ಮುಗಿಸಿ ಬಂದ ಮೇಲೆ ಯಾರನ್ನು ಯಾಕೆ ಕೊಂಡೆವು ಎಂದು ಕ್ಯಾಮೆರಾ ಮುಂದೆ ಕೂತು ವಿವರಿಸಬೇಕಾಗುತ್ತದೆ. ಆರ್‌ಸಿಬಿ ಒಂದು ಖಾಸಗಿ ಕಂಪನಿಯ ಸ್ವತ್ತು, ಹಾಗಿದ್ದೂ ಕೋಟ್ಯಂತರ ಜನ ಅದರ ಲೆಕ್ಕ ಕೇಳುತ್ತಾರೆ. ರಾಜ್ಯದ ಹೆಸರಲ್ಲೇ ಆಡುವ ತಂಡದ ಆಯ್ಕೆ ಸಮಿತಿಗೆ ಆ ಪ್ರಶ್ನೆಯ ಹತ್ತನೇ ಒಂದು ಪಾಲೂ ತಟ್ಟುವುದಿಲ್ಲ.

ಚನ್ನರಾಯಪಟ್ಟಣದಿಂದ ಏರೋಸ್ಪೇಸ್ ಪಾರ್ಕ್ ಕಡೆಗೆ ಹೆಚ್ಚು ದೂರವೇನಲ್ಲ. ವಿಮಾನ ನಿಲ್ದಾಣಕ್ಕೆ ಹತ್ತಿರದ ಆ ಜಾಗದಲ್ಲಿ ಬಿಸಿಸಿಐ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಹೊಸ ಸೆಂಟರ್ ಆಫ್ ಎಕ್ಸಲೆನ್ಸ್ ತೆರೆಯಿತು: 40 ಎಕರೆ, ಮೂರು ಮೈದಾನ, ಸಾಲು ಸಾಲು ಪಿಚ್. ದೇಶದ ದೊಡ್ಡ ಬೌಲರ್‌ಗಳು ಗಾಯ ಮಾಗಿಸಿಕೊಳ್ಳಲು ಬರುವುದು ಅಲ್ಲಿಗೇ. ಹೋಬಳಿಯ ಹುಡುಗರು ಟೆನಿಸ್ ಬಾಲ್‌ನಲ್ಲಿ ಆಡುತ್ತಾರೆ. ಅವರಲ್ಲೊಬ್ಬ ಲೆದರ್ ಬಾಲ್ ಹಿಡಿಯಬೇಕಾದರೆ ಆ ಕಾಂಪೌಂಡು ದಾಟಿ ಬೆಂಗಳೂರಿನ ಯಾವುದಾದರೂ ಲೀಗ್ ಕ್ಲಬ್ಬಿಗೆ ಬಸ್ ಹತ್ತಬೇಕು.

2025ರ ಡಿಸೆಂಬರ್‌ನಲ್ಲಿ ವೆಂಕಟೇಶ್ ಪ್ರಸಾದ್ ರಾಜ್ಯ ಸಂಸ್ಥೆಯ ಅಧ್ಯಕ್ಷರಾದರು. ಅಷ್ಟರಲ್ಲಿ ಕರುಣ್ ಕರ್ನಾಟಕ ತಂಡಕ್ಕೆ ವಾಪಸಾಗಿದ್ದರು. ಅವರನ್ನು ಅಂದು ಬಿಟ್ಟದ್ದೇಕೆ, ಮತ್ತೆ ಕರೆಸಿಕೊಂಡದ್ದೇಕೆ ಎಂದು ಆಯ್ಕೆದಾರರು ಎರಡು ಪುಟ ಕನ್ನಡದಲ್ಲಿ ಬರೆದು ಹೊರಗಿಟ್ಟರೆ ಸಾಕು, ಮುಂದಿನ ಹರಾಜಿನವರೆಗೆ ಟೀ ಅಂಗಡಿಗೆ ಸರಕಾಗುತ್ತದೆ.