ಕೆರೆಯ ನಾಡಿ ನೋಡೋಣ ಬನ್ನಿ

ನಮ್ಮ ಸಖರಾಯಪಟ್ಟಣದ ಅಯ್ಯನಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಸಂಭ್ರಮ. ನೀರು ಎಷ್ಟಿದೆ ಎಂದು ಎಲ್ಲರೂ ಕೇಳುತ್ತೇವೆ. ಹೇಗಿದೆ ಎಂದು ಕೇಳುವವರು ಅಪರೂಪ.

ಇದನ್ನು ತಿಳಿಯಲು ದೊಡ್ಡ ಪ್ರಯೋಗಾಲಯವೇ ಬೇಕಿಲ್ಲ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯನ್ನು ಸಮುದ್ರಕ್ಕಿಳಿಸಿ, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೆಂದು ಅಳೆದರು. ಕೆರೆಗಳಿಗೆ ಈಗ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪು ತಟ್ಟೆ ಸಾಕು. ಅದು ಬೇಗ ಮರೆಯಾದರೆ ನೀರಿನಲ್ಲಿ ಮಣ್ಣೋ ಪಾಚಿಯೋ ಹೆಚ್ಚಿದೆ ಎಂದರ್ಥ.

ಒಮ್ಮೆ ಮಕ್ಕಳೊಡನೆ ಕಟ್ಟೆಯೊಂದರ ನೀರಿನ ಆಮ್ಲಜನಕವನ್ನು ಮಧ್ಯಾಹ್ನ ಪರೀಕ್ಷಿಸಿ, 'ಉತ್ತಮ' ಎಂದು ಬರೆಸಿದೆ. "ಸಾರ್, ಬೆಳಗಿನ ಜಾವ ನೋಡಿದ್ದರೆ?" ಎಂದಳು ಒಬ್ಬ ಹುಡುಗಿ. ಅವಳ ಪ್ರಶ್ನೆಯೇ ಸರಿ. ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಬರೀ ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಮೀನುಗಳಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕೆನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಮಧ್ಯಾಹ್ನ ತೇರ್ಗಡೆಯಾದ ಕೆರೆ ನಸುಕಿನಲ್ಲಿ ನಪಾಸಾಗಬಹುದು!

ಆದ್ದರಿಂದ ಒಂದೇ ಜಾಗ, ಒಂದೇ ಹೊತ್ತು, ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ಎಲ್ಲರೂ ಬೆಚ್ಚಿದರು. ಕೊಳಚೆ ಸೇರತೊಡಗಿದ್ದು ಅದಕ್ಕೂ ಬಹಳ ಮೊದಲೇ.

ಪೋಷಕರೇ, ಮಕ್ಕಳನ್ನು ಒಬ್ಬೊಬ್ಬರೇ ಕೆರೆಗೆ ಕಳಿಸಬೇಡಿ, ನೀವೂ ಜೊತೆಗಿರಿ. ನೀರಿಗಿಳಿಯದೆ ಕಟ್ಟೆಯಿಂದಲೇ ಬಕೆಟ್ಟಿನಲ್ಲಿ ನೀರೆತ್ತಿ. ಅಯ್ಯನಕೆರೆಯ ನೀರು ವೇದಾವತಿಯಾಗಿ ಮಾರಿಕಣಿವೆಯತ್ತ ಹರಿಯುತ್ತದೆ. ನಾವು ಬರೆದಿಡುವ ಲೆಕ್ಕ ಕೆಳಗಿನ ಊರಿನವರಿಗೂ ಸಲ್ಲುತ್ತದೆ.