ಬೆಳಕಿಗೊಂದು ಉಯ್ಯಾಲೆ

ಕೊಳ್ಳೇಗಾಲ ಸೀಮೆಯ ಧನಗೆರೆಯಲ್ಲಿ ಮರದ ಕೊಂಬೆಗೆ ಉಯ್ಯಾಲೆ ಕಟ್ಟುವ ಹುಡುಗನಿಗೆ ಯಾರೂ ಭೌತಶಾಸ್ತ್ರವನ್ನು ಕಲಿಸಬೇಕಾಗಿಲ್ಲ. ಉಯ್ಯಾಲೆಯು ಹಿಂದಕ್ಕೆ ಬಂದು ನಿಂತ ಕ್ಷಣದಲ್ಲಿ ಮೆಲ್ಲನೆ ನೂಕುತ್ತ ಬಂದರೆ ಅದು ಕೊಂಬೆಯೆತ್ತರಕ್ಕೆ ಏರುತ್ತದೆ. ಹೊತ್ತು ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಲೇಸರ್ ಬೆಳಕಿನಿಂದ ಕ್ಷ-ಕಿರಣಗಳನ್ನು ಪಡೆಯುವ ಪುಟ್ಟ ಯಂತ್ರದ ಹೃದಯದಲ್ಲಿರುವುದೂ ಇದೇ ಉಪಾಯ.

1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರು ತಾವು ಕಂಡ ಹೊಸ ವಿಕಿರಣವನ್ನು ಕುರಿತು ಉಪನ್ಯಾಸ ಮಾಡಿದರಷ್ಟೆ. ಎಲೆಕ್ಟ್ರಾನಿಗೆ ಬಡಿದ ಕ್ಷ-ಕಿರಣವು ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತದೆಂದು ಅಮೆರಿಕದ ಕಾಂಪ್ಟನ್ನರು 1923ರಲ್ಲಿಯೇ ಪ್ರಕಟಿಸಿದ್ದರು; ಬೆಳಕಿನಲ್ಲಿಯೂ ಅದಕ್ಕೆ ಸಮಾನವಾದುದಿರಬೇಕೆಂಬ ಎಣಿಕೆ ರಾಮನ್ನರ ಶೋಧನೆಗೆ ಪ್ರೇರಕವಾಯಿತು. ಈ ಯಂತ್ರದಲ್ಲಿ ಕಾಂಪ್ಟನ್ನರ ವ್ಯಾಪಾರವೇ ತಲೆಕೆಳಗು. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡಿಬರುವ ಎಲೆಕ್ಟ್ರಾನಿಗೆ ಲೇಸರ್ ಕಿರಣವು ಎದುರಾಗಿ ಬಡಿದಾಗ ಲಾಭ ಬೆಳಕಿಗೆ. ಅದು ಸುಮಾರು 30,000 ಪಟ್ಟು ಶಕ್ತಿಯನ್ನು ಗಳಿಸಿ ಕ್ಷ-ಕಿರಣವಾಗಿ ಹಿಂದಿರುಗುತ್ತದೆ.

ಕಷ್ಟವೆಂದರೆ, ಹೀಗೆ ಬಡಿಯುವುದು ತೀರ ಅಪರೂಪ. ಬೆಳಕಿನ ಬಹುಪಾಲು ಎಲೆಕ್ಟ್ರಾನುಗಳನ್ನು ಮುಟ್ಟದೆಯೇ ಹಾದುಹೋಗುತ್ತದೆ. ಹೋದುದನ್ನು ಬಿಸುಡುವುದೇಕೆ? ಕನ್ನಡಿಗಳ ನಡುವೆ ಅದನ್ನೇ ಸುತ್ತಿಸಿ, ಸುತ್ತು ಸುತ್ತಿಗೂ ಹೊಸ ಬೆಳಕನ್ನು ತಾಳ ತಪ್ಪದೆ ಕೂಡಿಸಿದರೆ, 30 ವಾಟಿನ ಲೇಸರು 10,000 ಪಟ್ಟು ಬೆಳೆದು 300 ಕಿಲೊವಾಟ್ ಆಗಬಲ್ಲದು. ಆದರೆ ಒಂದು ಸುತ್ತಿನಲ್ಲಿ 10,000ದಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕು ಪೋಲಾಗಬಾರದು; ಸುತ್ತುದಾರಿಯ ಉದ್ದದಲ್ಲಿ ಒಂದು ಪರಮಾಣುವಿನ ಅಗಲದಷ್ಟು ವ್ಯತ್ಯಾಸವಾದರೂ ತಾಳ ಕೆಟ್ಟಿತು. ಜಿಪುಣನ ಸಂಸಾರವೂ ಇಷ್ಟು ಬಿಗಿಯಾಗಿರಲಾರದು!

ವಿನ್ಯಾಸಕಾರನ ಇಕ್ಕಟ್ಟು ಇಲ್ಲಿಗೇ ಮುಗಿಯದು. ಡಿಕ್ಕಿಯ ಸ್ಥಳದಲ್ಲಿ ಕಿರಣವು ಕೂದಲೆಳೆಯಷ್ಟು ಸಣ್ಣಗಾಗಬೇಕು. ಕನ್ನಡಿಯ ಮೇಲಾದರೋ ಅಗಲವಾಗಿ ಹರಡಬೇಕು, ಇಲ್ಲವಾದರೆ ಕನ್ನಡಿಯ ಲೇಪವೇ ಸುಟ್ಟೀತು. ಈ ಎರಡನ್ನೂ ಸಾಧಿಸುವ ಜೋಡಣೆಯಲ್ಲಿ ಕನ್ನಡಿ ತುಸು ವಾಲಿದರೂ ಕಿರಣ ಗುರಿ ತಪ್ಪುತ್ತದೆ. ಧೂಳಿನ ಒಂದು ಕಣ ಬಂದು ಕುಳಿತರೆ ಆ ಜಾಗ ಬಿಸಿಯಾಗಿ ಉಬ್ಬುತ್ತದೆ, ಆಕಾರ ಕೆಡುತ್ತದೆ.

ಇಷ್ಟೆಲ್ಲ ಪಾಡೇಕೆ? ಉತ್ತಮ ಕ್ಷ-ಕಿರಣಗಳನ್ನು ಕೊಡುವ ಇಂದೂರಿನ ಇಂಡಸ್-2 ಉಂಗುರದ ಸುತ್ತಳತೆ 172 ಮೀಟರಿಗೂ ಹೆಚ್ಚು. ಅಂಥದನ್ನು ಯಾವ ಆಸ್ಪತ್ರೆ ಕಟ್ಟಿಸೀತು? 2015ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಗಾರ್ಚಿಂಗ್‌ನಲ್ಲಿ ನೆಲೆಗೊಂಡ ಯಂತ್ರದ ಉಂಗುರವಾದರೋ ಐದು ಮೀಟರಿಗೂ ಕಡಿಮೆ. ಸ್ತನದ ಗೆಡ್ಡೆಗಳನ್ನು ಕಡಿಮೆ ವಿಕಿರಣದಲ್ಲಿ ಸ್ಪಷ್ಟವಾಗಿ ಕಾಣುವ ಪ್ರಯೋಗಗಳು ಅಲ್ಲಿ ನಡೆದಿವೆ. ಅವು ರೋಗಿಗಳ ಮೇಲಲ್ಲ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗಗಳ ಮೇಲೆ. ಕೊಳ್ಳೇಗಾಲದ ಆಸ್ಪತ್ರೆಗೆ ಅದು ಬರುವುದು ಇನ್ನೂ ದೂರದ ಮಾತು.